ಕಿರ್ ಅನ್ನುವ ತನಕ ತೊಳೆದ ಮುಖ

ನನ್ನ ನಾದಿನಿಗೆ ಗ್ಯಾರೇಜಿನಲ್ಲಿ ಇಟ್ಟ ಹೆಸರು ಕನ್ನಡಿ. ಅವಳು ಬಣ್ಣ ಹೊಡೆದ ಕಾರಿನ ಬಾಗಿಲ ಮುಂದೆ ನಿಂತು ಅಲ್ಲಿನ ಗಂಡಸರು ತಲೆ ಬಾಚಿಕೊಳ್ಳುತ್ತಾರಂತೆ, ಅದಕ್ಕೆ. ಮೇಸ್ತ್ರಿ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಈಗ ಮನೆಯಲ್ಲಿ ಅವಳ ಹೆತ್ತ ತಾಯಿಯೂ ಹಾಗೇ ಕರೆಯುತ್ತಾರೆ. ಆದರೆ ಈ ಕನ್ನಡಿ ಜನ್ಮದಲ್ಲಿ ಕನ್ನಡಿ ನೋಡಿಕೊಂಡವಳಲ್ಲ. ನೋಡಿಕೊಂಡಿದ್ದರೆ ಈ ಸಲ ನಾನು ಪಟ್ಟ ಪಾಡಿನಲ್ಲಿ ಅರ್ಧವಾದರೂ ತಪ್ಪುತ್ತಿತ್ತು.

ಹತ್ತೊಂಬತ್ತನೇ ವಯಸ್ಸಿಗೆ ಗ್ಯಾರೇಜು ಸೇರಿದಳು. ಮೊದಲ ಮೂರು ವರ್ಷ ಬರೀ ಉಜ್ಜುವ ಕೆಲಸ. ನೀರಲ್ಲಿ ನೆನೆಸಿದ ಉಜ್ಜುಕಾಗದ ಹಿಡಿದು ಬೆಳಗಿನಿಂದ ಸಂಜೆಯವರೆಗೆ ತಗಡು ತಿಕ್ಕುವುದು. ಆಮೇಲೆ ಗಾಜಿಗೆ, ದೀಪಕ್ಕೆ ಟೇಪು ಅಂಟಿಸುವ ಕೆಲಸ. ಆಮೇಲೆ ಅಸ್ತರಿ, ಅಂದರೆ ಕೊನೆಯ ಬಣ್ಣದ ಕೆಳಗೆ ಹೊಡೆಯುವ ಅಡಿಬಣ್ಣ. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, ಏಳನೇ ವರ್ಷಕ್ಕೆ ಕೊನೆಯ ಕೋಟಿನ ಸ್ಪ್ರೇ ಗನ್ನು ಅವಳ ಕೈಗೆ ಬಂತು. ಅದು ಬಂದು ಮೂರು ವರ್ಷವಾಯಿತು. ಬಣ್ಣದ ಕೋಣೆಯೊಳಗೆ ಹೋಗುವ ಐದು ಜನರಲ್ಲಿ ಹೆಂಗಸು ಇವಳೊಬ್ಬಳೇ. ಊಟಕ್ಕೆ ತಟ್ಟೆ ದಾಟಿಸುವಾಗಲೂ ಅವಳ ಕೈ ಒಂದೇ ಮಟ್ಟದಲ್ಲಿ ಸಾಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನಿಂತರೆ ಬಣ್ಣ ಸೋರುತ್ತದಂತೆ. ಸಾರಿಗೂ ಅದೇ ನಿಯಮ.

ಅವಳ ಮುಖ ಕೆಟ್ಟಿದ್ದು ಮಾಸ್ಕಿನಿಂದ. ಬಟ್ಟೆಯ ಮಾಸ್ಕಲ್ಲ, ಎರಡು ಕೆನ್ನೆಯ ಕಡೆಗೂ ಡಬ್ಬಿಯಂಥ ಫಿಲ್ಟರು ಇರುವ, ಮೂಗಿನಿಂದ ಗಲ್ಲದವರೆಗೆ ರಬ್ಬರಿನ ಅಂಚು ಒತ್ತಿ ಕೂರುವಂಥದ್ದು. ಮೊದಲಿನಿಂದಲೂ ಅವಳದು ಸುಮ್ಮನೆ ಮುಟ್ಟಿದರೆ ಕೆಂಪಗಾಗುವ ಚರ್ಮ. ಈ ವರ್ಷ ರಬ್ಬರು ಕೂರುವ ಜಾಗವೆಲ್ಲ ಉರಿದು, ಸಿಪ್ಪೆ ಎದ್ದು, ಯಾರೋ ಕೆಂಪು ಪೆನ್ನಿನಲ್ಲಿ ಮುಖಕ್ಕೆ ಗಡಿ ಎಳೆದ ಹಾಗಾಯಿತು.

"ಕೆರೀಬೇಡ್ವೇ!" ಅಂತ ಅತ್ತೆ ದಿನಕ್ಕೆ ಹತ್ತು ಸಲ.

"ನಾನೆಲ್ಲಿ ಕೆರೀತಿದ್ದೀನಿ? ಸವರ್ತಿದ್ದೀನಿ," ಅಂತ ಇವಳು.

ಒಂದು ರಾತ್ರಿ ಊಟದ ಮಧ್ಯೆ, ನೀರು ಕೊಡಿ ಅನ್ನುವಷ್ಟೇ ಸಲೀಸಾಗಿ ಹೇಳಿದಳು: "ಇನ್ನು ನಾಲ್ಕು ವಾರಕ್ಕೆ ಮಾಸ್ಕ್ ಪರೀಕ್ಷೆ ಇದೆ. ಮಾಸ್ಕ್ ಸರಿಯಾಗಿ ಕೂರದವರನ್ನ ಬಣ್ಣದ ಕೋಣೆಗೆ ಬಿಡಲ್ವಂತೆ. ಮೇಸ್ತ್ರಿ ನನ್ನ ಮುಖ ನೋಡಿ, ಉಜ್ಜೋ ಕಡೆ ಜಾಗ ಖಾಲಿ ಇದೆ ಅಂದ್ರು."

ಅತ್ತೆಯ ಕೈ ತಟ್ಟೆಯ ಮೇಲೇ ನಿಂತಿತು. ಹತ್ತು ವರ್ಷ ಹತ್ತಿದ ಮೆಟ್ಟಿಲೆಲ್ಲ ಒಂದೇ ಸಲಕ್ಕೆ ಇಳಿಯಬೇಕಾದ ಮಾತು ಅದು. ಇವಳು ಮಾತ್ರ ಉಪ್ಪಿನ ಡಬ್ಬಿ ಹುಡುಕುತ್ತಿದ್ದಳು.

ಸರಿ, ಅವಳ ಚರ್ಮಕ್ಕೆ ಒಗ್ಗುವ ಮೆತ್ತನೆಯ ಫೇಸ್ ವಾಶ್ ಒಂದನ್ನು ಹುಡುಕುವ ಕೆಲಸ ನನ್ನ ತಲೆಗೆ ಬಂತು. ಯಾರೂ ಹೊರಿಸಲಿಲ್ಲ, ನಾನೇ ಹೊತ್ತುಕೊಂಡೆ. ನನ್ನ ಪಾಪು ಹುಟ್ಟಿದ ಈ ಹತ್ತು ತಿಂಗಳಲ್ಲಿ ನಾನು ಲೇಬಲ್ ಓದದೆ ಒಂದು ವಸ್ತುವನ್ನೂ ಮನೆಯೊಳಗೆ ಬಿಟ್ಟವಳಲ್ಲ. ಈ ಮನೆಯಲ್ಲಿ ಬಾಟಲಿಯ ಹಿಂಬದಿ ಓದುವವಳು ನಾನೊಬ್ಬಳೇ.

ಮೊದಲ ಬಾಟಲಿ ಅಂಗಡಿಯವಳು ಕೊಟ್ಟಿದ್ದು. "ನೂರಕ್ಕೆ ನೂರು ಗಿಡಮೂಲಿಕೆ ಮೇಡಂ, ಏನೂ ಆಗಲ್ಲ." ಪಾಪುವಿನ ಗಲಾಟೆಯಲ್ಲಿ ಆವತ್ತೊಂದು ದಿನ ಅಂಗಡಿಯಲ್ಲಿ ಓದಲಾಗಲಿಲ್ಲ; ಗಿಡಮೂಲಿಕೆ ಅಂದರೆ ನಿಂಬೆ ಮತ್ತು ಪುದೀನ ಅಂತ ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಾದಿನಿ ಬಚ್ಚಲಿನಿಂದ ಕೂಗಿದ್ದಳು. ಎರಡನೆಯದು ನಮ್ಮ ಪಾಪುವಿನದೇ. ಎಳೆ ಮಗುವಿಗೆ ಆಗುವುದು ದೊಡ್ಡವರಿಗೆ ಆಗದೇ ಇರುತ್ತದೆಯೇ ಎಂಬ ಧೈರ್ಯ ನನ್ನದು. ಅದರಲ್ಲಿ ಹೂವಿನ ವಾಸನೆ ಬೆರೆಸಿದ್ದರು. ಎರಡು ದಿನಕ್ಕೆ ಕಣ್ಣಿನ ಕೆಳಗೂ ಕೆಂಪೇರಿತು.

"ಅತ್ತಿಗೆ, ಸುಮ್ನೆ ಬಿಟ್ಬಿಡಿ. ಗ್ಯಾರೇಜಲ್ಲಿ ಕೈ ತೊಳೆಯೋ ಪೇಸ್ಟ್ ಇದೆ, ಗ್ರೀಸೇ ಹೋಗುತ್ತೆ," ಅಂದಳು.

"ಅದನ್ನ ಮುಖಕ್ಕೆ ಹಚ್ಚಿದ್ದೀಯಾ?"

ಅವಳು ಪಾಪುವಿನ ಗಿಲಕಿ ಎತ್ತಿಕೊಂಡು ಆಡಿಸತೊಡಗಿದಳು. ಮಾರನೆಯ ದಿನವೇ ನಾನು ಪಾಪುವನ್ನು ಅತ್ತೆಯ ಮಡಿಲಿಗೆ ಹಾಕಿ, ಇವಳನ್ನು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ವಾಸನೆ ಬೆರೆಸದ್ದು, ಕಾಳು ಕಾಳು ಇಲ್ಲದ್ದು, ನೊರೆ ಕಡಿಮೆ ಇರುವುದು ಅಂತ ಹೇಳಿ ಮೂರು ಹೆಸರು ಬರೆದುಕೊಟ್ಟರು. ಜೊತೆಗೊಂದು ಸಾದಾ ಕ್ರೀಮು. "ಮುಖಕ್ಕೆ ಹಚ್ಚೋ ಮೊದಲು ಕೈ ಒಳಭಾಗದಲ್ಲಿ ಒಂದು ವಾರ ಹಚ್ಚಿ ತೊಳೆದು ನೋಡಿ. ಉಗುರುಬೆಚ್ಚಗಿನ ನೀರು. ಉಜ್ಜಬೇಡಿ."

ನಾದಿನಿಗೆ ಈ ಕೈ ಪರೀಕ್ಷೆಯ ಮಾತು ಮಾತ್ರ ಬಹಳ ಹಿಡಿಸಿತು. ಗ್ಯಾರೇಜಿನಿಂದ ಟೇಪು ತಂದು ಎಡಗೈ ಮೇಲೆ ಮೂರು ಚೌಕ ಮಾಡಿಕೊಂಡಳು. ಹೊಸ ಬಣ್ಣದ ನಮೂನೆ ನೋಡುವ ಹಾಗೆ ಒಂದು, ಎರಡು, ಮೂರು ಅಂತ ಬರೆದಳು. ಟೇಪಿನ ಅಂಟಿಗೇ ಕೈ ಕೆಂಪಾಯಿತು. ನಾನು ತಲೆ ಚಚ್ಚಿಕೊಂಡು, ಟೇಪು ಕಿತ್ತು, ಪೆನ್ನಿನಿಂದ ಗೆರೆ ಎಳೆದು ಮತ್ತೆ ಮೊದಲಿನಿಂದ ಶುರು ಮಾಡಿಸಿದೆ. ವಾರ ಕಳೆಯಿತು. ಎರಡನೇ ಚೌಕ ಬೆಣ್ಣೆಯ ಹಾಗಿತ್ತು. ಒಂದು ಚುಕ್ಕೆಯಿಲ್ಲ.

ಅದೇ ಎರಡನೇ ನಂಬರಿನಿಂದ ಮುಖ ತೊಳೆಯಲು ಶುರು ಮಾಡಿದಳು. ನಾಲ್ಕು ದಿನಕ್ಕೆ ಮುಖ ಮೊದಲಿಗಿಂತ ಹಾಳಾಯಿತು.

ನನಗೆ ಅಳು ಬರುವುದೊಂದು ಬಾಕಿ. ಕೈಗೆ ಒಗ್ಗಿದ್ದು ಮುಖಕ್ಕೆ ಯಾಕೆ ಒಗ್ಗುವುದಿಲ್ಲ? ಬಾಟಲಿ ಬದಲಾಯಿತೇ? ನೀರು ಸರಿ ಇಲ್ಲವೇ? ಪಾಪುವಿಗೂ ಏನಾದರೂ ಆದರೆ? ಆ ದಿನವೆಲ್ಲ ನಾನು ಪಾಪುವಿನ ಕೆನ್ನೆಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದೆ. ತುತ್ತಿಗೊಂದು ಸಲ ಒದ್ದೆ ಬಟ್ಟೆಯಿಂದ ಅದರ ಬಾಯಿ ಒರೆಸಿದೆ. ಮಾಸ್ಕ್ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

ಸಂಜೆ ಅವಳು ಕೆಲಸದಿಂದ ಬಂದಾಗ ಪಾಪುವನ್ನು ಸೊಂಟಕ್ಕೇರಿಸಿಕೊಂಡು ಬಚ್ಚಲಿನ ಬಾಗಿಲಲ್ಲೇ ನಿಂತೆ. "ತೊಳೀ, ನೋಡ್ತೀನಿ."

"ಮುಖ ತೊಳೆಯೋದನ್ನ ನೋಡ್ತೀರಾ? ಟಿಕೆಟ್ ಇಟ್ಟುಬಿಡಿ."

ತೊಳೆದಳು. ಸರಿಯಾಗಿಯೇ ತೊಳೆದಳು. ನಾನು ಉಸಿರು ಬಿಡುವಷ್ಟರಲ್ಲಿ ಒದ್ದೆ ಬೆರಳನ್ನು ಕೆನ್ನೆಯ ಮೇಲೆ ಎಳೆದು, ಕಿವಿ ಕೊಟ್ಟು, ಮುಖ ಸಿಂಡರಿಸಿ ಮತ್ತೆ ಬಾಟಲಿ ಒತ್ತಿದಳು. ಎರಡನೇ ಸಲ. ಮತ್ತೆ ಬೆರಳು, ಮತ್ತೆ ಸಿಂಡರಿಕೆ. ಮೂರನೇ ಸಲ. ನಾಲ್ಕನೇ ಸಲಕ್ಕೆ ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿ, ಒರಟು ಟವಲಿನಿಂದ ಗಸಗಸ ತಿಕ್ಕಿ, ಬೆರಳು ಎಳೆದಳು. ಕಿರ್ ಅಂತು.

"ಹಾಂ, ಈಗ ಆಯ್ತು ನೋಡಿ. ಈ ನಿಮ್ಮ ಡಾಕ್ಟರ್ ಬಾಟಲಿ ದಂಡ ಅತ್ತಿಗೆ. ನಾಲ್ಕು ಸಲ ಹಾಕಿದ್ರೂ ಜಾರುತ್ತೆ, ಕಿರ್ ಅನ್ನಲ್ಲ."

"ಕಿರ್ ಯಾಕೆ ಅನ್ಬೇಕು?"

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಬೆರಳು ಕಿರ್ ಅಂದ್ರೇನೇ ಜಿಡ್ಡು ಹೋಗಿದೆ ಅಂತ. ಜಿಡ್ಡಿನ ಮೇಲೆ ಬಣ್ಣ ನಿಲ್ಲುತ್ತಾ?"

"ಯಾವ ಬಣ್ಣ? ನಿನ್ನ ಮುಖಕ್ಕೆ ಯಾರು ಬಣ್ಣ ಹೊಡೀತಿದ್ದಾರೆ?"

ಕೈ ಮೇಲಿನ ಚೌಕಗಳನ್ನು ದಿನಕ್ಕೆ ಒಂದೇ ಸಲ ತೊಳೆದು ಸುಮ್ಮನೆ ಬಿಟ್ಟಿದ್ದಳು. ಅದು ಬರೀ ನಮೂನೆ, ಅದಕ್ಕೆ ಕಿರ್ ಬೇಕಿರಲಿಲ್ಲ. ಮುಖ ಅಂದರೆ ಮಾತ್ರ ನಿಜವಾದ ಕೆಲಸ. ಹತ್ತು ವರ್ಷ ತಗಡು ಒರೆಸಿದ ಬೆರಳು ಅದು, ಅದಕ್ಕೆ ಬೇರೆ ಲೆಕ್ಕ ಗೊತ್ತಿಲ್ಲ. "ಕ್ರೀಮ್ ಹಚ್ಚಿದ್ಯಾ?" ಅಂತ ಕೇಳಿದೆ. ಕ್ರೀಮಂತೂ ಮುಟ್ಟಿಯೇ ಇರಲಿಲ್ಲ. ಕೈಗೆ ಚೂರು ಕ್ರೀಮು ಉಳಿದು ತಗಡಿಗೆ ತಾಗಿದರೂ ಹೊಸ ಬಣ್ಣದಲ್ಲಿ ದುಂಡು ದುಂಡು ಗುಳಿ ಬೀಳುತ್ತದಂತೆ. ಮೀನಿನ ಕಣ್ಣು ಅನ್ನುತ್ತಾರಂತೆ ಅದಕ್ಕೆ. "ಕೊನೇ ಕೋಟಲ್ಲಿ ಮೀನಿನ ಕಣ್ಣು ಬಿದ್ರೆ ಮೇಸ್ತ್ರಿ ನನ್ನ ಕಣ್ಣು ಕಿತ್ತು ಅಲ್ಲಿ ಇಡ್ತಾರೆ."

ನನಗೆ ರೇಗಿಹೋಯಿತು. ಪಾಪು ನನ್ನ ಕೂದಲು ಹಿಡಿದು ಜಗ್ಗುತ್ತಿತ್ತು, ಒಲೆಯ ಮೇಲೆ ಹಾಲಿತ್ತು, ಎರಡು ವಾರ ನಾನು ಬಾಟಲಿ ಓದಿ ಓದಿ ಕಣ್ಣು ಹಾಳು ಮಾಡಿಕೊಂಡಿದ್ದೆ. "ಬಣ್ಣ ಹೊಡೆದು ಮುಗಿದ ಬಾಗಿಲನ್ನ ಹೀಗೇ ತೊಳೀತೀಯೇನೇ? ನಾಲ್ಕು ಸಲ ಜಿಡ್ಡು ತೆಗೆದು, ಕುದಿಯೋ ನೀರು ಹಾಕಿ, ಒರಟು ಬಟ್ಟೇಲಿ ತಿಕ್ಕಿ?"

"ಹುಚ್ಚಾ ನಿಮಗೆ? ಹೊಳಪೆಲ್ಲ ಹೋಗುತ್ತೆ! ಮುಗಿದ ಬಣ್ಣಕ್ಕೆ ಬರೀ ನೀರು, ಮೆತ್ತನೆ ಬಟ್ಟೆ, ಒತ್ತಿ ಎತ್ತಬೇಕು."

"ಮತ್ತೆ ನಿನ್ನ ಮುಖ ಬಣ್ಣ ಹೊಡೆಯೋ ಮುಂಚಿನ ತಗಡಾ, ಹೊಡೆದ ಮೇಲಿನ ಬಾಗಿಲಾ?"

ಬಾಟಲಿ ಹಿಡಿದುಕೊಂಡು ನಿಂತಳು. ಆಮೇಲೆ, ಜನ್ಮದಲ್ಲಿ ಮೊದಲ ಸಲವೋ ಏನೋ, ನಲ್ಲಿಯ ಮೇಲಿನ ಕನ್ನಡಿಗೆ ಮುಖ ಹತ್ತಿರ ತಂದು, ಬದಿಯಿಂದ ಬೆಳಕು ಬೀಳುವ ಹಾಗೆ ತಿರುಗಿಸಿ ನೋಡಿಕೊಂಡಳು. ಕಾರಿನ ಬಾಗಿಲನ್ನು ಪರೀಕ್ಷಿಸುವುದೂ ಹಾಗೆಯೇ ಅಂತೆ.

"ಪೂರ್ತಿ ಉಜ್ಜಿಬಿಟ್ಟಿದ್ದೀನಿ," ಅಂದಳು ಮೆಲ್ಲಗೆ. "ಅಸ್ತರಿ ಕಾಣ್ತಿದೆ."

ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಅತ್ತೆ ಅಲ್ಲಿಂದಲೇ ಇಬ್ಬರಿಗೂ ಸೇರಿಸಿ ಬೈದರು.

ಅಲ್ಲಿಂದ ಮುಂದಿನ ಹನ್ನೆರಡು ದಿನ ಅವಳು ತನ್ನ ಮುಖವನ್ನು ಹಸಿ ಬಣ್ಣದ ಹಾಗೆ ನೋಡಿಕೊಂಡಳು. ಬೆಳಿಗ್ಗೆ ಬರೀ ನೀರು. ಸಂಜೆ ಎರಡನೇ ನಂಬರು, ಒಂದೇ ಒಂದು ಸಲ. ಪಾಪುವಿನ ಹಳೆಯ ಮೆತ್ತನೆ ಬಟ್ಟೆ, ಒತ್ತಿ ಎತ್ತುವುದು. ಕ್ರೀಮು ಸಂಜೆ ಮನೆಯಲ್ಲಿ ಮಾತ್ರ, ಆಮೇಲೆ ಕೈಗಳನ್ನು ಕಿರ್ ಅನ್ನುವ ತನಕ ತೊಳೆಯುವುದು. ಕೈ ಬೇಕಾದರೆ ಹಾಗೆ ತೊಳೆದುಕೋ ಅಂದೆ, ಅಷ್ಟು ಸುಖವಾದರೂ ಇರಲಿ. ಪ್ರತಿ ಸಂಜೆಯೂ ಜಗಳವೇ. "ಜಾರ್ತಿದೆ ಅತ್ತಿಗೆ." "ಜಾರಲಿ." "ಇನ್ನೊಂದೇ ಸಲ?" "ಬಾಟಲಿ ಇಡು ಕೆಳಗೆ." ಐದನೇ ದಿನ ಸಿಪ್ಪೆ ನಿಂತಿತು. ಒಂಬತ್ತನೇ ದಿನ ಗಡಿಯ ಗೆರೆ ತಿಳಿ ಗುಲಾಬಿಯಾಯಿತು.

ಪರೀಕ್ಷೆಯ ದಿನ ನಾನು ಪಾಪುವಿಗೆ ಬೇಯಿಸಿದ ಕ್ಯಾರೆಟ್ ತಿನ್ನಿಸುತ್ತಾ ಗಡಿಯಾರ ನೋಡುತ್ತಾ ಕೂತಿದ್ದೆ. ಮಾಸ್ಕ್ ಹಾಕಿದವರ ತಲೆಗೆ ಒಂದು ಚೀಲ ಇಳಿಬಿಟ್ಟು ಒಳಗೆ ಕಹಿ ನೀರು ಸಿಂಪಡಿಸುತ್ತಾರಂತೆ. ನಾಲಿಗೆಗೆ ಕಹಿ ಹತ್ತಿದರೆ ಮಾಸ್ಕ್ ಸರಿಯಾಗಿ ಕೂತಿಲ್ಲ ಅಂತ. ಹನ್ನೊಂದು ಗಂಟೆಗೆ ಫೋನ್ ಬಂತು.

"ಕಹಿ ಬಂತು," ಅಂದಳು.

ನನ್ನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

"ಪೂರ್ತಿ ಕೇಳಿ ಅತ್ತಿಗೆ! ಮೊದಲನೇ ಸಲ ಬಂತು. ಉರಿಯುತ್ತೆ ಅನ್ನೋ ಹೆದರಿಕೇಲಿ ಪಟ್ಟಿ ಸಡಿಲ ಬಿಟ್ಟಿದ್ದೆ. ಬಿಗೀರಿ ಅಂದ್ರು. ಬಿಗಿದೆ. ಉರೀಲಿಲ್ಲ. ಎರಡನೇ ಸಲ ಏನೂ ಗೊತ್ತಾಗ್ಲಿಲ್ಲ, ಬಾಯಿ ಸಪ್ಪೆ. ಮಧ್ಯಾಹ್ನ ಒಂದು ಕೆಂಪು ವ್ಯಾನು ಇದೆ, ನಾನೇ ಹೊಡೀತೀನಿ."

"ಅದನ್ನ ಮೊದಲು ಹೇಳಕ್ಕೆ ಏನಾಗಿತ್ತು ನಿಂಗೆ?"

"ನಡೆದ ಕ್ರಮದಲ್ಲಿ ಹೇಳಿದೆ," ಅಂದಳು.

ಸಂಜೆ ಬಂದವಳ ಕೆನ್ನೆಯಲ್ಲಿ ರಬ್ಬರಿನ ಅಚ್ಚು ಮಾತ್ರ ಇತ್ತು, ಕೆಂಪಿರಲಿಲ್ಲ. ಒಂದು ಸಲ ಮುಖ ತೊಳೆದು, ಬಟ್ಟೆ ಒತ್ತಿ ಎತ್ತಿ, ಅಡುಗೆಮನೆಗೆ ಬಂದಳು. ನಾನು ಪಾಪುವಿನ ಬಾಯಿ ಒರೆಸುತ್ತಿದ್ದೆ. ಅವಳು ಬಗ್ಗಿ, ಮಗುವಿನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬಾಯಿಯ ಸುತ್ತ ತಿಳಿ ಕೆಂಪು ಎದ್ದಿದ್ದನ್ನು ನೋಡಿದಳು. ನೋಡಿ, ನನ್ನ ಕೈಯಿಂದ ಒದ್ದೆ ಬಟ್ಟೆಯನ್ನು ತೆಗೆದುಕೊಂಡು ಗೂಟಕ್ಕೆ ನೇತುಹಾಕಿದಳು.

"ಎಷ್ಟನೇ ಸಲ ಅತ್ತಿಗೆ ಇವತ್ತು?" ಅಂದಳು. "ಹಸಿ ಬಣ್ಣ ಅದು. ಸ್ವಲ್ಪ ಬಿಡಿ."