ಮೊಟ್ಟೆಗಳೆದುರು ಚಿಕ್ಕಮ್ಮನ ಹಾಡು

ಆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಚಿಕ್ಕಮ್ಮನೇ. ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು, ಕೋಳಿಮರಿ ಮಾಡಿಸಿ ಮಾರುವುದು ಅವಳದೂ ಅವಳ ಗಂಡನದೂ ಕಸುಬು. ಮನೆಯ ಹಿಂದೆ ಎರಡು ಕೋಣೆ, ಕೋಣೆಗೊಂದು ಯಂತ್ರ. ಒಂದನ್ನು ಅವಳು ನೋಡಿಕೊಳ್ಳುತ್ತಿದ್ದಳು, ಇನ್ನೊಂದನ್ನು ಅವನು. ಯಂತ್ರದ ಮುಂದೆ ಕೆಲಸ ಮಾಡುವಷ್ಟು ಹೊತ್ತೂ ಚಿಕ್ಕಮ್ಮ ಗಂಟಲು ಬಿಚ್ಚಿ ಹಾಡುತ್ತಿದ್ದಳು. ಶ್ರುತಿಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಪಕ್ಕದ ಮನೆಯ ದರ್ಜಿ ಆ ಹೊತ್ತಿಗೆ ಬೇಕೆಂದೇ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದ. ಚಿಕ್ಕಮ್ಮ ಅದನ್ನೇ ತಾಳವೆಂದುಕೊಂಡು ಇನ್ನಷ್ಟು ಹುರುಪಿನಿಂದ ಹಾಡುತ್ತಿದ್ದಳು.

ಒಂದು ಸಲ ಅವಳ ಕೋಣೆಯಲ್ಲಿ ಮರಿಗಳು ಕಡಿಮೆ ಬಂದವು. ಗಂಡನ ಬಾಯಿ ಸುಮ್ಮನಿರಲಿಲ್ಲ.

“ನಿನ್ನ ಹಾಡು ಕೇಳಿ, ಒಳಗಿರೋದೇ ವಾಸಿ ಅಂದ್ಕೊಂಡಿರ್ತವೆ ಕಣೇ!”

ಅಂದದ್ದು ತಮಾಷೆಗೇ. ಆದರೆ ಚಿಕ್ಕಮ್ಮನಿಗೆ ನಾಟಿಬಿಟ್ಟಿತು. ನಿಜವಿದ್ದರೂ ಇರಬಹುದೆಂದು ತಲೆಗೆ ಹುಳ ಬಿಟ್ಟುಕೊಂಡು, ಬಾಯಿಗೆ ಬೀಗ ಹಾಕಿಕೊಂಡಳು. ಮನೆ ಬಿಕೋ ಎನ್ನತೊಡಗಿತು. ಗಂಡನಿಗೂ ಊಟ ರುಚಿಸದಾಯಿತು, ಆದರೆ ಆಡಿದ ಮಾತು ನುಂಗುವುದು ಹೇಗೆ?

ಚಿಕ್ಕಮ್ಮನ ಅಕ್ಕನ ಮಗಳು ಊರಿನ ಆಚೆ ಬದಿಯಲ್ಲಿದ್ದು, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಳು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹಾಡಿದ್ದಕ್ಕೇ ಹಿಂಗಾಯ್ತು ಅಂತ ಹೆಂಗೆ ಹೇಳ್ತೀರಿ ಚಿಕ್ಕಪ್ಪ? ಮೊಟ್ಟೇನೂ ಬೇರೆ, ಯಂತ್ರಾನೂ ಬೇರೆ. ಪರೀಕ್ಷೆ ಮಾಡೋಣ. ಹಾಡಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ಮೊದಲು ಇಟ್ಕೊಳ್ಳೋಣ. ಆ ಮಾತು ಬಿಡೋವಷ್ಟು ಸಾಕ್ಷಿ ಸಿಕ್ರೆ ಚಿಕ್ಕಮ್ಮ ಬಾಯಿ ಮುಚ್ಚಲಿ.”

“ಎಷ್ಟು ಸಾಕ್ಷಿ ಸಿಗ್ಬೇಕು?” ಗಂಡ ಕೇಳಿದ.

“ಮರಿಗಳ ಲೆಕ್ಕದಲ್ಲಿ ಕಾಣೋ ವ್ಯತ್ಯಾಸ ಬರೀ ಅದೃಷ್ಟದಿಂದ ಬರೋ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ ಇರ್ಬೇಕು. ಈಗಲೇ ಹೇಳಿದ್ದೀನಿ, ಆಮೇಲೆ ವರಸೆ ಬದಲಾಯಿಸೋ ಹಂಗಿಲ್ಲ.”

ಮೊಟ್ಟೆಗಳನ್ನೆಲ್ಲ ಬೆರೆಸಿ, ಚೀಟಿ ಎತ್ತಿ, ಕೋಣೆಗೆ ನೂರರಂತೆ ಹಂಚಿದರು. ಒಂದು ಕೋಣೆಯಲ್ಲಿ ಹಾಡು, ಬಾಗಿಲು ಮುಚ್ಚಿಟ್ಟ ಇನ್ನೊಂದರಲ್ಲಿ ಮೌನ. ಇಪ್ಪತ್ತೊಂದು ದಿನಕ್ಕೆ ಮರಿಗಳಾದವು. ಮತ್ತೆ ಅಷ್ಟೇ ಮೊಟ್ಟೆ ಇಟ್ಟು, ಹಾಡಿನ ಕೋಣೆಯನ್ನು ಅದಲುಬದಲು ಮಾಡಿದರು. ಯಂತ್ರದ ತಪ್ಪು ಹಾಡಿನ ತಲೆಗೆ ಬರಬಾರದಲ್ಲ! ಹೆಂಡತಿ ಸರಿಯಾಗಿ ಹಾಡುತ್ತಾಳೋ ಇಲ್ಲವೋ ಎಂದು ನೋಡಲು ಗಂಡ ಬಾಗಿಲ ಬಳಿ ಸ್ಟೂಲು ಹಾಕಿ ಕೂರುತ್ತಿದ್ದ. ಬರಬರುತ್ತಾ ಅವನ ಕಾಲು ನೆಲಕ್ಕೆ ತಟ್ಟುವುದು ಚಿಕ್ಕಮ್ಮನ ಕಣ್ಣಿಗೆ ಬಿತ್ತು. ಕಂಡೂ ಕಾಣದಂತೆ ಇದ್ದಳು.

ಕೊನೆಗೆ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಮುಗಿಯಿತು.

“ಹಾಡು ಕೇಳಿದ ಇನ್ನೂರರಲ್ಲಿ ನೂರ ಅರವತ್ಮೂರು ಮರಿ. ಕೇಳದೇ ಇರೋ ಇನ್ನೂರರಲ್ಲಿ ನೂರ ಅರವತ್ತೊಂಬತ್ತು.”

“ನೋಡಿದ್ರಾ, ಆರು ಕಡಿಮೆ!” ಗಂಡ ಎದ್ದೇ ನಿಂತ. ಚಿಕ್ಕಮ್ಮನ ಮುಖ ಬಾಡಿತು.

“ಕೂತ್ಕೊಳ್ಳಿ ಚಿಕ್ಕಪ್ಪ. ಹಾಡಿಂದ ಏನೂ ಆಗಲ್ಲ ಅಂದ್ರೂ, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ನೂರಕ್ಕೆ ನಲವತ್ತೆರಡು ಸಲ ತಾನಾಗೇ ಬರುತ್ತೆ. ಐದೆಲ್ಲಿ, ನಲವತ್ತೆರಡೆಲ್ಲಿ!”

“ಅಂದ್ರೆ ನನ್ನ ಹಾಡಿಂದ ತೊಂದ್ರೆ ಇಲ್ಲ ಅಂತ ಸಾಬೀತಾಯ್ತಾ?”

“ಹಂಗೂ ಅಲ್ಲ ಚಿಕ್ಕಮ್ಮ. ಚಿಕ್ಕಪುಟ್ಟ ತೊಂದ್ರೆ ಇದ್ರೆ ಇಷ್ಟು ಮೊಟ್ಟೇಲಿ ಗೊತ್ತಾಗಲ್ಲ. ನಿನ್ನ ಮೇಲೆ ತಪ್ಪು ಹೊರಿಸೋಕೆ ಸಾಕ್ಷಿ ಸಾಲದು, ಅಷ್ಟೇ.”

“ನನಗಷ್ಟೇ ಸಾಕು ಕಣೇ ಬಂಗಾರ!”

ಅವಳ ಕೆನ್ನೆ ಹಿಂಡಿ, ಚಿಕ್ಕಮ್ಮ ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಲು ಹೊರಟಳು. ಬಾಗಿಲು ದಾಟುವ ಮೊದಲೇ ಹಾಡು ಶುರುವಾಗಿತ್ತು. ಖುಷಿಯ ಭರದಲ್ಲಿ ಎರಡನೇ ಸಾಲಿಗೆ ತಡವರಿಸಿದಳು.

“ಅದು ಹಂಗಲ್ಲ ಕಣೇ,” ಎನ್ನುತ್ತಾ ಹಿಂದೆಯೇ ಬಂದ ಗಂಡ ಆ ಸಾಲನ್ನು ತಾನೇ ಎತ್ತಿಕೊಂಡ. ಅವನ ದನಿ ಅವಳದಕ್ಕಿಂತ ಕಡೆ. ಚಿಕ್ಕಮ್ಮ ಪೆಟ್ಟಿಗೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಇಬ್ಬರೂ ಸೇರಿ ಮೊದಲಿಂದ ಹಾಡಿದರು.