ಗಿರಾಕಿಗಳ ಮುಂದೆ ಬಂದ ಫೋನು

ಕಳೆದ ವರ್ಷ ರಂಜಾನ್ ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ಶಹಾಪುರದ ನನ್ನ ಟೇಲರಿಂಗ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯಲ್ಲಿ ಹೆಂಡತಿ ಶಬಾನಾ ಎಂಟು ದಿನದ ಹಸಿ ಬಾಣಂತಿ. ಆರೈಕೆಗೆ ಅವಳ ತಾಯಿ ಬಂದಿದ್ದರು. ಆಸ್ಪತ್ರೆಯಿಂದ ಹೊರಡುವಾಗ ನನ್ನ ನಂಬರನ್ನೇ ಬರೆಸಿದ್ದೆವು.

ಮಧ್ಯಾಹ್ನ ಫೋನ್ ಬಂತು. ಕೈಯಲ್ಲಿ ಕತ್ತರಿ ಇದ್ದುದರಿಂದ ಸ್ಪೀಕರ್ ಒತ್ತಿದೆ.

"ಫೋನ್ ಮಾಡಿ ಬಾಣಂತೇರ ಆರೋಗ್ಯ ವಿಚಾರಿಸೋ ಸಿಸ್ಟರ್ ಮಾತಾಡಾಕತ್ತೇನ್ರಿ, ದವಾಖಾನ್ಯಾಗ ನಿಮ್ಮ ನಂಬರ್ ಕೊಟ್ರು. ಶಬಾನಾಗ ರಕ್ತ ಭಾಳ ಹೋಗ್ತದೇನ್ರಿ? ಕೂಸಿಗೆ ಎದಿಹಾಲು ಸಾಕಾಗ್ತದ?"

ಅಂಗಡಿಯಲ್ಲಿದ್ದ ಗಂಡಸರೆಲ್ಲ ಗೋಡೆ ನೋಡತೊಡಗಿದರು. ನನಗೋ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಆಮ್ಯಾಲೆ ಮಾಡ್ರಿ ಮೇಡಂ, ಗಿರಾಕಿ ಅದಾರ" ಎಂದೆ.

"ಇದೊಂದು ಹೇಳ್ರಿ ಅಣ್ಣಾರ. ತಲಿನೋವು, ಕಣ್ಣು ಮಂಜಾಗೋದು ಏನರ ಅದ ಅಂದಾರೇನು?"

ನನ್ನ ಕೈ ನಿಂತಿತು. ತಲೆ ಸಿಡಿಯುತ್ತಿದೆ, ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದು ಶಬಾನಾ ಬೆಳಿಗ್ಗೆಯೇ ಹೇಳಿದ್ದಳು. ನಿದ್ದೆಗೆಟ್ಟಿದ್ದಕ್ಕೆ ಹಾಗಾಗಿದೆ, ಚಹಾ ಕುಡಿದು ಮಲಗು ಎಂದು ಬಂದುಬಿಟ್ಟಿದ್ದೆ. ಅಷ್ಟೂ ಜನರ ಎದುರೇ ಅದನ್ನು ಹೇಳಿದೆ.

"ಹಂಗಾರ ತಡ ಮಾಡಬ್ಯಾಡ್ರಿ. ಹೆರಿಗಿ ಆದಮ್ಯಾಲೂ ಬಿಪಿ ಏರತದ, ಫಿಟ್ಸ್ ಬರಬಹುದು. ಈಗಿಂದೀಗ ದವಾಖಾನಿಗೆ ಕರಕೊಂಡು ಹೋಗ್ರಿ."

ಕುಪ್ಪಸ ಒಯ್ಯಲು ಬಂದಿದ್ದ ಪಕ್ಕದ ಸಗರ ಹಳ್ಳಿಯ ಅಜ್ಜಿಯೊಬ್ಬಳು ನನ್ನ ಕೈಯಿಂದ ಕತ್ತರಿ ಕಸಿದುಕೊಂಡಳು. "ನಿಂತು ಏನ್ ನೋಡ್ತಿಯೋ ತಮ್ಮಾ? ನಮ್ಮ ಅರಿವಿ ಬಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ, ನಡಿ!"

ಮನೆಗೆ ಓಡಿದೆ. ಅತ್ತೆ ಕೂಸನ್ನು ಎತ್ತಿಕೊಂಡರು, ನಾನು ಶಬಾನಾಳನ್ನು ಹಿಡಿದು ಆಟೋ ಹತ್ತಿಸಿದೆ. ಪರೀಕ್ಷೆ ಮಾಡಿದ ಡಾಕ್ಟರ್ ತಕ್ಷಣ ಇಂಜೆಕ್ಷನ್ ಕೊಡಿಸಿ, ಅಲ್ಲೇ ಅಡ್ಮಿಟ್ ಮಾಡಿಕೊಂಡರು. "ಬಿಪಿ ಭಾಳ ಏರಿತ್ರಿ. ಸರಿಯಾದ ವ್ಯಾಳ್ಯಾಕ್ಕ ಕರಕೊಂಡು ಬಂದೀರಿ" ಎಂದರು.

ಆ ಸಿಸ್ಟರ್ ದಿನವೂ ಫೋನ್ ಮಾಡಿ ವಿಚಾರಿಸಿದರು. ಮೂರನೇ ದಿನ ಶಬಾನಾಳೇ ಫೋನ್ ಇಸಿದುಕೊಂಡು, ಮಂಚದ ಮೇಲೆ ಕುಳಿತು, ಅವರೊಂದಿಗೆ ನಕ್ಕು ನಕ್ಕು ಮಾತಾಡಿದಳು. ಅಂಗಡಿಯಲ್ಲಿ ನನ್ನ ಮುಖ ಹೇಗಾಗಿದ್ದೀತು ಎಂಬುದೇ ಅವರಿಬ್ಬರ ವಿಷಯ. ಹಬ್ಬದ ಹಿಂದಿನ ದಿನ ಮನೆಗೆ ಬಂದೆವು.

ಎಷ್ಟೋ ಜನರ ಬಟ್ಟೆ ಅರ್ಧಕ್ಕೇ ಉಳಿದಿತ್ತು. ಬೈಸಿಕೊಳ್ಳಲು ಸಿದ್ಧನಾಗಿಯೇ ಹಬ್ಬದ ನಮಾಜಿಗೆ ಹೋದೆ. ಹಳೆಯ ಜುಬ್ಬಾದಲ್ಲೇ ಬಂದಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಅಪ್ಪಿಕೊಂಡು ಕೇಳಿದ್ದು ಒಂದೇ ಮಾತು: ಬಾಣಂತಿ ಹೇಗಿದ್ದಾಳೆ? ಅಲ್ಲಿಯವರೆಗೂ ಗಟ್ಟಿಯಾಗಿದ್ದ ನಾನು ಅತ್ತುಬಿಟ್ಟೆ.

ಅಂದು ಫೋನ್ ಕಟ್ ಮಾಡಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಈಗ ಪರಿಚಯದವರ ಮನೆಯಲ್ಲಿ ಹೆರಿಗೆಯಾದರೆ, ಬಾಣಂತಿಗೆ ತಲೆನೋವು ಇದೆಯೇ ಎಂದು ಗಂಡನನ್ನು ನಾನೇ ಕೇಳುತ್ತೇನೆ. ನಗುವವರು ನಗಲಿ.