ಬೋರ್ಡಣ್ಣ ಬರೆದ ಪುಟ

ಏಣಿಯ ತುತ್ತತುದಿಯಲ್ಲಿ ನಿಂತು, ಬರೀ ಕಣ್ಣಳತೆಯಲ್ಲೇ ಅಂಗಡಿಗಳ ಹೆಸರು ಬರೆಯುತ್ತಿದ್ದವನು ಬೋರ್ಡಣ್ಣ. ಅವನ ಅಕ್ಷರ ಬೀದಿಯ ಆ ತುದಿಯಲ್ಲಿದ್ದವರನ್ನೂ ಕೈ ಬೀಸಿ ಕರೆಯುತ್ತಿತ್ತು. ಅರವತ್ತು ದಾಟುತ್ತಿದ್ದ ಹಾಗೆ ಬಲಗೈ ನಡುಗತೊಡಗಿತು, ಯಾವ ಮಾತ್ರೆಗೂ ಜಗ್ಗಲಿಲ್ಲ. ಒಂದು ದಿನ ಗಡಿಯಾರದ ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರದ ಕೊಂಬು ಎತ್ತಲೋ ಹರಿದುಹೋಯಿತು. ಅಂಗಡಿಯವನು ಪೂರ್ತಿ ಕೂಲಿ ಎಣಿಸಿ ಕೊಟ್ಟ. ಬೈದಿದ್ದರೇ ವಾಸಿಯಿತ್ತು. ಬೋರ್ಡಣ್ಣ ಬ್ರಶ್ಶುಗಳನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟ. ಆಮೇಲೆ ಎರಡು ವರ್ಷ ಮನೆ ಬಿಟ್ಟು ಹೊರಬೀಳಲಿಲ್ಲ.

"ನೀವು ದಿಟ್ಟಿಸಿ ನೋಡಿ ನೋಡಿ ಆ ಗೋಡೆಗೇ ನಾಚಿಕೆ ಆಗ್ತಿದೆ" ಎಂದು ಹೆಂಡತಿ ಚುಚ್ಚುತ್ತಿದ್ದಳು. ಚುಚ್ಚಿದ ಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬೋರ್ಡಣ್ಣನ ತಮ್ಮನ ಮಗಳು ಒಂದು ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ವೆಬ್‌ಸೈಟಿನ ಪುಟ ಬರೆಯುವುದು ಅವಳ ಪಾಲಿನ ಕೆಲಸ. ಬೇರೆ ಶಾಖೆಗೆ ವರ್ಗವಾದಾಗ ಅವಳು ಲೈಬ್ರರಿಯ ಮೇಡಂಗೆ ದೊಡ್ಡಪ್ಪನ ಹೆಸರು ಹೇಳಿದಳು. ಮೇಡಂ ಯೋಚನೆ ಮಾಡಿ, "ಒಂದು ತಿಂಗಳು ನೋಡೋಣ. ಓದುಗರಿಗೆ ಅನುಕೂಲ ಆದ್ರೆ ಕೆಲಸ ಅವರಿಗೇ" ಅಂದರು. ಬೋರ್ಡಣ್ಣ ಆವತ್ತು ತಾನೇ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ.

ಹೊರಡುವ ಮೊದಲು ಹುಡುಗಿ ಒಂದು ವಾರ ಪಾಠ ಹೇಳಿದಳು.

"ಪುಟ ಹೇಗೆ ಕಾಣಬೇಕು ಅಂತ ಕಂಪ್ಯೂಟರಿಗೆ ಹೇಳೋ ಈ ಗುರುತುಗಳಿಗೆ ಟ್ಯಾಗ್ ಅಂತಾರೆ ದೊಡ್ಡಪ್ಪಾ. ಮಾತು ಶುರುವಾಗೋ ಕಡೆ ಒಂದು, ಮುಗಿಯೋ ಕಡೆ ಒಂದು. ಮುಗಿಸೋ ಟ್ಯಾಗಿಗೆ ಒಂದು ಓರೆಗೆರೆ ಇರುತ್ತೆ. ಬಿ ಹಾಕಿದ್ರೆ ಅಕ್ಷರ ದಪ್ಪ ಆಗುತ್ತೆ. ಮುಗಿಸೋದು ಮರೆತ್ರೆ ಕೆಳಗಿರೋದೆಲ್ಲಾ ದಪ್ಪ."

"ನಿಮ್ಮ ದೊಡ್ಡಮ್ಮನ ಹಾಗೆ."

"ಕೇಳಿಸ್ತು, ಕೇಳಿಸ್ತು!" ಒಳಗಿನಿಂದ ದನಿ ಬಂತು. "ಮೊದಲು ನಿಮ್ಮ ಬಾಯಿಗೊಂದು ಓರೆಗೆರೆ ಹಾಕ್ಕೊಳ್ಳಿ!"

ಪ್ಯಾರಾಗೆ ಪಿ, ತಲೆಬರಹಕ್ಕೆ ಎಚ್, ಪಟ್ಟಿಗೆ ಇನ್ನೊಂದು. ಬೋರ್ಡಣ್ಣ ಮಣಿಕಟ್ಟನ್ನು ಮೇಜಿಗೆ ಒತ್ತಿ, ಒಂದೇ ಬೆರಳಲ್ಲಿ ಕುಟ್ಟಿದ. ಕೈ ನಡುಗಿ ಒಂದಕ್ಷರ ಮೂರು ಸಲ ಬಿದ್ದರೂ ಅಳಿಸಿಬಿಡಬಹುದಿತ್ತು. ಏಣಿಯ ಮೇಲೆ ಈ ಸುಖ ಇರಲಿಲ್ಲ.

ಎಚ್ ಹಾಕಿದರೆ ಅಕ್ಷರ ದೊಡ್ಡದಾಗುತ್ತದೆ ಅನ್ನುವುದನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ನಲವತ್ತು ವರ್ಷ ಬೋರ್ಡು ಬರೆದವನಿಗೆ ಇನ್ನೇನು ಬೇಕು? ಲೈಬ್ರರಿ ತೆರೆಯುವ ಹೊತ್ತಿಗೆ ಎಚ್, ಫೋನ್ ನಂಬರಿಗೆ ಎಚ್, ಕೊಡೆ ಎಲ್ಲಿಡಬೇಕು ಅನ್ನುವುದಕ್ಕೂ ಎಚ್. ದೂರ ನಿಂತು ತಲೆ ಓರೆ ಮಾಡಿ ನೋಡಿದ. ಪುಟ ಎದ್ದು ಕಾಣುತ್ತಿತ್ತು. "ಎಷ್ಟು ಚಂದ ಇದೆ!" ಎಂದು ಮೇಡಂ ಕೂಡ ಅಂದರು.

ಮೂರನೇ ವಾರದ ಮಂಗಳವಾರ ಸಂಜೆ ಟೆಲಿಫೋನ್ ಆಪರೇಟರಾಗಿ ನಿವೃತ್ತರಾದ ಹಿರಿಯರೊಬ್ಬರು ಕೋಲು ತಟ್ಟುತ್ತ ಒಳಗೆ ಬಂದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಪ್ರತಿ ಮಂಗಳವಾರ ಲೈಬ್ರರಿಯವರು ಕಥೆ ಗಟ್ಟಿಯಾಗಿ ಓದುತ್ತಿದ್ದರು, ಅದನ್ನು ಕೇಳಲು ಇವರು ಎರಡು ಬಸ್ಸು ಹತ್ತಿ ಬರುತ್ತಿದ್ದರು.

"ಏನು ಮೇಡಂ, ಕಥೆ ಓದೋ ಕೋಣೆಗೆ ಬೀಗ ಹಾಕಿದೆ?"

"ಗುರುವಾರಕ್ಕೆ ಬದಲಾಯ್ತಲ್ಲ ಸರ್. ಪುಟದಲ್ಲಿ ಹಾಕಿದ್ವಲ್ಲ."

"ಹಾಕಿರ್ತೀರಿ. ನನಗೆ ಸಿಗಬೇಕಲ್ಲ!" ಅವರು ಫೋನು ತೆಗೆದು ಬೆರಳಾಡಿಸಿದರು. ಪುಟದಲ್ಲಿದ್ದುದನ್ನು ಫೋನು ಒಂದೇ ರಾಗದಲ್ಲಿ ಗಟ್ಟಿಯಾಗಿ ಓದಿ ಹೇಳಿತು: "ಶೀರ್ಷಿಕೆ. ಕೊಡೆ ಹೊರಗಿಡಿ. ಶೀರ್ಷಿಕೆ. ಮೆಲ್ಲಗೆ ಮಾತಾಡಿ. ಶೀರ್ಷಿಕೆ. ಬೆಳಿಗ್ಗೆ ಒಂಬತ್ತರಿಂದ."

"ನೀವು ತಲೆಬರಹ ನೋಡ್ಕೊಂಡು ಬೇಕಾದ ಕಡೆ ಹೋಗ್ತೀರಿ. ನನ್ನ ಫೋನೂ ಹಾಗೇ, ಟ್ಯಾಗ್ ಹಿಡ್ಕೊಂಡು ಒಂದು ತಲೆಬರಹದಿಂದ ಇನ್ನೊಂದಕ್ಕೆ ಜಿಗಿಯುತ್ತೆ. ಇಲ್ಲಿ ನೋಡಿದ್ರೆ ಎಲ್ಲರೂ ಯಜಮಾನರೇ, ಆಳು ಒಬ್ಬನೂ ಇಲ್ಲ. ಮೂವತ್ತು ತಲೆಬರಹ ಕೇಳಿದ ಮೇಲೆ ಸಾಕಾಯ್ತು."

ಮೇಡಂ ಕಂಪ್ಯೂಟರಿನ ಮುಂದಿದ್ದ ಬೋರ್ಡಣ್ಣನ ಕಡೆ ನೋಡಿದರು. ತಿಂಗಳಿಗೆ ಇನ್ನು ಹತ್ತೇ ದಿನ. ಸುಮ್ಮನಿದ್ದಿದ್ದರೆ ಕಣ್ಣಿಲ್ಲದವರಿಗೆ ಯಾರ ತಪ್ಪೆಂದು ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಎರಡು ಬಸ್ಸು ಹತ್ತಿ ಬಂದಿದ್ದರು.

"ಬರೆದವನು ನಾನೇ ಸರ್" ಅಂದ ಬೋರ್ಡಣ್ಣ.

"ಬರೆದೋರೇ ಸಿಕ್ಕಿಬಿದ್ರಾ? ಒಳ್ಳೇದಾಯ್ತು. ಒಂದು ಕುರ್ಚಿ ಎಳೀರಿ. ನೀವೂ ಕಣ್ಣು ಮುಚ್ಕೊಂಡು ಕೇಳಿ."

ಬೋರ್ಡಣ್ಣ ಕಣ್ಣು ಮುಚ್ಚಿ ತನ್ನ ಪುಟವನ್ನು ಮೊದಲಿಂದ ಕೊನೆಯವರೆಗೆ ಕೇಳಿದ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಹಾಗಿತ್ತು. ಎದ್ದು ಬಂದು ತಮ್ಮನ ಮಗಳಿಗೆ ಫೋನು ಮಾಡಿದ.

"ಅಕ್ಷರದ ಗಾತ್ರ ಹೇಳೋ ಜಾಗವೇ ಬೇರೆ ದೊಡ್ಡಪ್ಪಾ. ಎಚ್ ಅಂದ್ರೆ ಇದು ತಲೆಬರಹ ಅಂತ ಹೇಳೋದು ಅಷ್ಟೇ. ನಾನು ಹೇಳಿರಲಿಲ್ವಾ?"

"ಹೇಳಿದ್ದೆ ಕಣಮ್ಮ. ನಾನು ನೋಡ್ತಿದ್ದೆ, ನೀನು ಹೇಳಿದ್ದನ್ನ ಕೇಳಿಸ್ಕೊಂಡಿರಲಿಲ್ಲ."

ಒಂದೊಂದೇ ಎಚ್ ಕಿತ್ತ. ಹಚ್ಚಿದ ಬಣ್ಣವನ್ನು ಕೈಯಾರೆ ಕೆರೆದ ಹಾಗಾಯಿತು. ಕಿತ್ತ ಕಡೆಯೆಲ್ಲ ಪಿ ಹಾಕಿದ, ಸೂಚನೆಗಳನ್ನು ಪಟ್ಟಿ ಮಾಡಿದ. ಕೊನೆಗೆ ಉಳಿದದ್ದು ಮೂರು ತಲೆಬರಹ: ಲೈಬ್ರರಿ ಸಮಯ, ಹೊಸ ಪುಸ್ತಕಗಳು, ಕಥೆ ಓದುವ ದಿನ. ಅಷ್ಟೂ ಹೊತ್ತು ಆಪರೇಟರು ಪಕ್ಕದಲ್ಲೇ ಕೂತು, "ಆಯ್ತಾ? ಬಸ್ಸು ತಪ್ಪಿದ್ರೆ ನಿಮ್ಮ ಮನೇಲೇ ಊಟ" ಎಂದು ಕಾಡುತ್ತಿದ್ದರು.

ಮತ್ತೆ ಫೋನು ಹಿಡಿದರು. ಮೂರನೇ ಜಿಗಿತಕ್ಕೆ "ಕಥೆ ಓದುವ ದಿನ. ಗುರುವಾರ ಸಂಜೆ ಐದು ಗಂಟೆ" ಅಂತು. ಆಪರೇಟರು ಹಿಂದಕ್ಕೊರಗಿ, "ಹ್ಞಾ, ಲೈನು ಸಿಕ್ಕಿತು!" ಎಂದರು.

ಮೇಡಂ ಬಗ್ಗಿ ಪರದೆ ನೋಡಿದರು. "ಮೊದಲಿನಷ್ಟು ಎದ್ದು ಕಾಣಲ್ಲ ಅಲ್ವಾ?"

"ಇಲ್ಲ ಮೇಡಂ" ಅಂದ ಬೋರ್ಡಣ್ಣ. ಮೇಜಿನ ಮೇಲಿದ್ದ ಕೈ ನಡುಗುತ್ತಿತ್ತು, ಮುಚ್ಚಿಡಲು ಹೋಗಲಿಲ್ಲ. "ಗಾತ್ರದ್ದು ನಾಳೆ ಕಲಿತು ಸರಿ ಮಾಡ್ತೀನಿ. ಇದನ್ನ ಮಾತ್ರ ಇನ್ನು ಕೆಡಿಸಲ್ಲ."

"ನಾಳೆ ಅದನ್ನ ಮಾಡಿ. ಆಮೇಲೆ ಮಕ್ಕಳ ವಿಭಾಗದ ಪುಟ ಶುರು ಮಾಡಿ. ತಿಂಗಳು ಮುಗೀಲಿ ಅಂತ ಕಾಯೋದು ಬೇಡ, ಕೆಲಸ ನಿಮ್ದೇ."

ಬೋರ್ಡಣ್ಣ ಆಪರೇಟರ ಕಡೆ ತಿರುಗಿ, "ಗುರುವಾರ ಒಂದರ್ಧ ಗಂಟೆ ಮುಂಚೆ ಬರ್ತೀರಾ ಸರ್? ಮಕ್ಕಳ ಪುಟಾನೂ ಒಂದ್ಸಲ ಕೇಳಿಬಿಡಿ" ಅಂದ.

"ಬರ್ತೀನಿ. ಟೀ ನಿಮ್ಮ ಕಡೆಯಿಂದ" ಎಂದು ಅವರು ಕೋಲಿಗಾಗಿ ತಡಕಾಡಿದರು. ಬೋರ್ಡಣ್ಣ ಕೋಲು ತೆಗೆದು ಕೈಗಿತ್ತು, ಬಸ್‌ಸ್ಟಾಪಿನವರೆಗೂ ಜೊತೆಗೆ ನಡೆದ.